ರನಿಟ್‌ಗೆ ಮುಂದೇನು ಬೇಕು? ಮೊದಲು ‘ಸಿದ್ಧ’ ಸೂಚನೆ, ಮಿಕ್ಕಿದ್ದು ಆಮೇಲೆ

ಕರಿಪರದೆ:

ವಾಯ್ಡ್ ಲಿನಕ್ಸ್ ಬಳಸುವವರು, ಆರ್ಟಿಕ್ಸ್ ಲಿನಕ್ಸ್‌ನಲ್ಲಿ ರನಿಟ್ ಆರಿಸಿಕೊಂಡವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ರನಿಟ್ ಅಂದರೆ ಯಂತ್ರ ಏಳುವಾಗ ಸೇವೆಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಡೇಮನ್ ಪ್ರೋಗ್ರಾಂಗಳನ್ನು, ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ. ರನಿಟ್ ಮುಂದೆ ಹೇಗೆ ಬೆಳೆಯಬೇಕು ಅನ್ನುವ ಮಾತು ಬೇರೆ ಬೇರೆ ಚರ್ಚೆಗಳ ಮಧ್ಯೆ ಬಂದು ಹೋಗುತ್ತಲೇ ಇದೆ. ಒಂದು ಕಡೆ ಕೂತು ಪೂರ್ತಿ ಮಾತಾಡೋಣ ಅಂತ ಇದನ್ನು ಶುರು ಮಾಡುತ್ತಿದ್ದೇನೆ.

ಮೊದಲು, ಏನನ್ನು ಮುಟ್ಟಬಾರದು ಅಂತ ಹೇಳಿಬಿಡುತ್ತೇನೆ. ಗೆರಿಟ್ ಪಾಪೆ ಬರೆದ ಈ ವ್ಯವಸ್ಥೆಯ ಬೇರು ಬರ್ನ್‌ಸ್ಟೀನ್ ಅವರ ಡೇಮನ್‌ಟೂಲ್ಸ್‌ನಲ್ಲಿದೆ. ಪಿಐಡಿ 1 ಆಗಿ, ಅಂದರೆ ಕರ್ನೆಲ್ ಎಬ್ಬಿಸುವ ಮೊದಲ ಪ್ರಾಸೆಸ್ ಆಗಿ, ಓಡುವ ಪ್ರೋಗ್ರಾಂ ತೀರಾ ಚಿಕ್ಕದು. ಅದು ಮೂರು ಹಂತ ನೋಡಿಕೊಳ್ಳುತ್ತದೆ, ಅಷ್ಟೇ: ಯಂತ್ರವನ್ನು ಎಬ್ಬಿಸುವುದು, ಸೇವೆಗಳನ್ನು ಓಡಿಸುವುದು, ಮಲಗಿಸುವುದು. ಎರಡನೇ ಹಂತದಲ್ಲಿ ರನ್‌ಎಸ್‌ವಿಡಿರ್ ಅನ್ನುವ ಪ್ರೋಗ್ರಾಂ ಐದು ಸೆಕೆಂಡಿಗೊಮ್ಮೆ ಸೇವೆಗಳ ಡೈರೆಕ್ಟರಿ ನೋಡಿ, ಪ್ರತಿ ಸೇವೆಗೂ ರನ್‌ಎಸ್‌ವಿ ಅನ್ನುವ ಒಂದೊಂದು ಮೇಲ್ವಿಚಾರಕನನ್ನು ಹಚ್ಚುತ್ತದೆ. ಸೇವೆ ಸತ್ತರೂ ಲಾಗ್‌ಗೆ ಹೋಗುವ ಪೈಪ್ ರನ್‌ಎಸ್‌ವಿ ಕೈಯಲ್ಲೇ ಇರುವುದರಿಂದ ಕೊನೆಯ ಸಾಲುಗಳು ಕಳೆದುಹೋಗುವುದಿಲ್ಲ. ಪ್ರಾಸೆಸ್ ಸಂಖ್ಯೆ ಬರೆದಿಡುವ ಪಿಐಡಿ ಫೈಲ್‌ನ ಗೋಜಲು ಇಲ್ಲವೇ ಇಲ್ಲ, ಯಾಕೆಂದರೆ ಮೇಲ್ವಿಚಾರಕನೇ ಸೇವೆಯ ನೇರ ತಂದೆ. ಇದೆಲ್ಲ ಹೀಗೇ ಇರಲಿ.

ಕೊರತೆ ಇರುವುದು ಒಂದು ಕಡೆ. ‘ಪ್ರಾಸೆಸ್ ಹುಟ್ಟಿದೆ’ ಅನ್ನುವುದಷ್ಟೇ ರನ್‌ಎಸ್‌ವಿಗೆ ಗೊತ್ತು. ‘ಸೇವೆ ಕೆಲಸಕ್ಕೆ ಸಿದ್ಧವಾಗಿದೆ’ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಇದು ಚೆನ್ನಾಗಿ ಕಾಣುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಥಟ್ಟಂತ ಕೆಲಸ ಶುರು ಮಾಡುವುದಿಲ್ಲ. ಮೊದಲು ವಾಲ್, ಅಂದರೆ ತನ್ನ ಬದಲಾವಣೆಗಳ ದಾಖಲೆ, ಓದಿ ರಿಕವರಿ ಮುಗಿಸಬೇಕು. ಓದಬೇಕಾದ ವಾಲ್ ಹೆಚ್ಚಿದ್ದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ರನಿಟ್‌ನ ಎಸ್‌ವಿ ಆದೇಶ ಕೊಟ್ಟು ಸ್ಟೇಟಸ್ ಕೇಳಿದರೆ ‘ರನ್’ ಅಂತ ಬರುತ್ತದೆ. ಅದನ್ನು ನಂಬಿಕೊಂಡ ವೆಬ್ ಆ್ಯಪ್ ಕನೆಕ್ಷನ್ ಸಿಗದೆ ಸಾಯುತ್ತದೆ, ಒಂದು ಸೆಕೆಂಡ್ ಬಿಟ್ಟು ಮತ್ತೆ ಏಳುತ್ತದೆ, ಮತ್ತೆ ಸಾಯುತ್ತದೆ. ಲಾಗ್ ತುಂಬ ಅದೇ ತಪ್ಪು ಸಂದೇಶ. ಕೊನೆಗೆ ಎಲ್ಲ ಸರಿಹೋಗುತ್ತದೆ ನಿಜ, ಆದರೆ ನಿಜವಾದ ತೊಂದರೆ ಬಂದ ದಿನ ಆ ರಾಶಿಯಲ್ಲಿ ಅದನ್ನು ಹುಡುಕುವುದು ಕಷ್ಟ.

ನನ್ನ ಸಲಹೆ ಇಷ್ಟು. ಡೇಮನ್ ತಾನು ಸಿದ್ಧ ಅಂತ ಮೇಲ್ವಿಚಾರಕನಿಗೆ ಹೇಳುವ ದಾರಿ ಮೊದಲು ಬರಲಿ. ಡಿಪೆಂಡೆನ್ಸಿ (ಯಾವ ಸೇವೆಗೆ ಯಾವುದು ಬೇಕು ಅನ್ನುವುದು), ಯೂಸರ್ ಸೇವೆ, ಸಿಗ್ರೂಪ್ (ಪ್ರಾಸೆಸ್‌ಗಳನ್ನು ಗುಂಪಾಗಿ ಹಿಡಿಯುವ ಕರ್ನೆಲ್ ಸೌಲಭ್ಯ) ಎಲ್ಲ ಅದರ ಮೇಲೆ ಕಟ್ಟೋಣ.

ಪೋರ್ಟ್_22:

ಇದಕ್ಕೆ ಚೆಕ್ ಸ್ಕ್ರಿಪ್ಟ್ ಈಗಲೇ ಇದೆ ಅಲ್ವಾ? ಸೇವೆಯ ಡೈರೆಕ್ಟರಿಯಲ್ಲಿ ಚೆಕ್ ಅನ್ನುವ ಫೈಲ್ ಇಟ್ಟರೆ ಎಸ್‌ವಿ ಸ್ಟಾರ್ಟ್, ಎಸ್‌ವಿ ಚೆಕ್ ಎರಡೂ ಅದನ್ನು ಓಡಿಸಿ ನೋಡುತ್ತವೆ. ಸೊನ್ನೆ ಬಂದರೆ ಸಿದ್ಧ. ಪೋಸ್ಟ್‌ಗ್ರೆಸ್‌ಗೆ ಅದರದ್ದೇ ಪಿಜಿ_ಈಸ್‌ರೆಡಿ ಆದೇಶದ ಒಂದು ಸಾಲು ಹಾಕಿದರೆ ಮುಗಿಯಿತು. ಕನೆಕ್ಷನ್ ತೆಗೆದುಕೊಳ್ಳುತ್ತಿದ್ದರೆ 0, ಇನ್ನೂ ಏಳುತ್ತಿದ್ದರೆ 1, ಉತ್ತರವೇ ಇಲ್ಲದಿದ್ದರೆ 2 ಕೊಡುತ್ತದೆ. ಆ್ಯಪ್ ಅನ್ನು ಶುರು ಮಾಡುವ ರನ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ‘ಎಸ್‌ವಿ ಚೆಕ್ ಪೋಸ್ಟ್‌ಗ್ರೆಸ್, ಆಗದಿದ್ದರೆ ಎಕ್ಸಿಟ್ 1’ ಅಂತ ಬರೆದರೆ ಸಾಕು. ವಾಯ್ಡ್‌ನ ಎಷ್ಟೋ ಪ್ಯಾಕೇಜ್‌ಗಳಲ್ಲಿ, ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿಬಸ್‌ಗೆ ಇದನ್ನೇ ಮಾಡಿದ್ದಾರೆ. ಹೊಸ ಕೋಡ್ ಯಾಕೆ?

ಕರಿಪರದೆ:

ಒಳ್ಳೆಯ ಪ್ರಶ್ನೆ. ಚೆಕ್ ಅನ್ನು ನಾನೂ ಬಳಸುತ್ತೇನೆ. ಆದರೆ ಅದು ಎಲ್ಲಿ ಓಡುತ್ತದೆ ಅಂತ ನೋಡಿ. ಅದನ್ನು ಓಡಿಸುವುದು ಎಸ್‌ವಿ, ರನ್‌ಎಸ್‌ವಿ ಅಲ್ಲ. ಅಂದರೆ ಕೇಳಿದವರೆಲ್ಲ ಬೇರೆ ಬೇರೆಯಾಗಿ ಅದೇ ಸ್ಕ್ರಿಪ್ಟ್ ಓಡಿಸಬೇಕು, ಉತ್ತರ ಎಲ್ಲೂ ಉಳಿಯುವುದಿಲ್ಲ. ನಾಲ್ಕು ಸೇವೆಗಳು ಪೋಸ್ಟ್‌ಗ್ರೆಸ್‌ಗೆ ಕಾಯುತ್ತಿದ್ದರೆ ನಾಲ್ಕೂ ಸೇರಿ ಅದನ್ನು ಪದೇ ಪದೇ ತಟ್ಟುತ್ತಿರುತ್ತವೆ, ಅದೂ ಅದು ರಿಕವರಿಯಲ್ಲಿ ಮುಳುಗಿರುವಾಗ. ಎಸ್‌ವಿ ತಾನಾಗಿ ಕಾಯುವುದು 7 ಸೆಕೆಂಡ್. ಎಸ್‌ವಿವೇಟ್ ವೇರಿಯೇಬಲ್ ಹಾಕಿ ಹೆಚ್ಚಿಸಬಹುದು, ಆದರೆ ಎಷ್ಟು ಹಾಕಬೇಕು ಅನ್ನುವುದು ಊಹೆಯೇ. ಚೆಕ್ ಫೈಲ್ ಇಲ್ಲದ ಸೇವೆಗೆ ಎಸ್‌ವಿ ಚೆಕ್ ‘ಸರಿ’ ಅಂತ ಹೇಳಿಬಿಡುತ್ತದೆ, ಅದು ಪ್ರಾಸೆಸ್ ಇದೆ ಅನ್ನುವ ಅರ್ಥದ ಸರಿ ಮಾತ್ರ. ಓದುವವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಾನು ಹೇಳುವ ರೀತಿಯಲ್ಲಿ ರನ್‌ಎಸ್‌ವಿ ಒಂದು ಪೈಪ್ ತೆರೆಯುತ್ತದೆ. ಸೇವೆಯ ಡೈರೆಕ್ಟರಿಯಲ್ಲಿ ಒಂದು ಸಣ್ಣ ಫೈಲ್, ಅದರಲ್ಲಿ ಒಂದು ಸಂಖ್ಯೆ, ಉದಾಹರಣೆಗೆ 3. ಪೈಪ್‌ನ ಬರೆಯುವ ತುದಿ ಆ ಸಂಖ್ಯೆಯ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಪೈಪ್‌ನ ಗುರುತು ಸಂಖ್ಯೆ) ಆಗಿ ಸೇವೆಗೆ ಸಿಗುತ್ತದೆ. ಸಿದ್ಧವಾದಾಗ ಡೇಮನ್ ಅದಕ್ಕೆ ಒಂದು ಹೊಸಸಾಲು ಬರೆದು ಮುಚ್ಚುತ್ತದೆ. ಅಷ್ಟೇ. ಕೇಳುತ್ತಾ ಕೂರುವುದು ಬೇಡ, ಊಹೆ ಬೇಡ.

ಒಂದು ಎಚ್ಚರಿಕೆ. ರನ್‌ಎಸ್‌ವಿ ಸೇವೆಯ ಸ್ಥಿತಿ ಬರೆದಿಡುವ ಸೂಪರ್‌ವೈಸ್ ಡೈರೆಕ್ಟರಿಯ ಸ್ಟೇಟಸ್ ಫೈಲ್ 20 ಬೈಟ್‌ಗಳದ್ದು. ಎಸ್‌ವಿ ಅಷ್ಟನ್ನೇ ನಿರೀಕ್ಷಿಸುತ್ತದೆ, ಇದನ್ನು ಓದುವ ಬೇರೆ ಸಣ್ಣ ಟೂಲ್‌ಗಳೂ ಇವೆ. ಅದರ ಆಕಾರ ಮುಟ್ಟಬಾರದು. ‘ಸಿದ್ಧ’ ಅನ್ನುವ ಮಾಹಿತಿಗೆ ಪಕ್ಕದಲ್ಲಿ ಬೇರೆ ಫೈಲ್ ಇರಲಿ.

ಹಳೇಕೀಲಿಮಣೆ:

ನನಗೆ ಒಪ್ಪಿಗೆ ಇಲ್ಲ, ಅಥವಾ ಕ್ರಮದ ಬಗ್ಗೆ ಒಪ್ಪಿಗೆ ಇಲ್ಲ ಅನ್ನಿ. ಮೊದಲು ಬೇಕಿರುವುದು ಡಿಪೆಂಡೆನ್ಸಿ. 2000ದಲ್ಲೇ ನೆಟ್‌ಬಿಎಸ್‌ಡಿ 1.5 ಸೇವೆಗಳ ಕ್ರಮ ಹಾಕುವ ಆರ್‌ಸಿಆರ್ಡರ್ ತಂದಿತು. ಪ್ರತಿ ಸ್ಕ್ರಿಪ್ಟ್‌ನ ತಲೆಯಲ್ಲಿ ಯಾರು ಯಾರಿಗೆ ಬೇಕು ಅಂತ ಬರೆದಿರುತ್ತದೆ, ಫ್ರೀಬಿಎಸ್‌ಡಿ ಇಂದಿಗೂ ಅದನ್ನೇ ಬಳಸುತ್ತದೆ. 2005ರಲ್ಲಿ ಸೊಲಾರಿಸ್ 10 ಜೊತೆ ಎಸ್‌ಎಂಎಫ್ ಅನ್ನುವ ಸೇವಾ ವ್ಯವಸ್ಥೆ ಬಂದು ಅದನ್ನು ಇನ್ನೂ ಮುಂದೆ ಒಯ್ದಿತು. 2010ರಲ್ಲಿ ಸಿಸ್ಟಂಡಿ, ಇವತ್ತು ಹೆಚ್ಚಿನ ಲಿನಕ್ಸ್‌ಗಳಲ್ಲಿ ಇರುವುದು. ನಾವು ಮಾತ್ರ ಇನ್ನೂ ರನ್ ಸ್ಕ್ರಿಪ್ಟ್‌ನ ಶೆಲ್ ಸಾಲುಗಳಲ್ಲಿ ಡಿಪೆಂಡೆನ್ಸಿ ಬಚ್ಚಿಡುತ್ತಿದ್ದೇವೆ.

ಬಚ್ಚಿಡುವುದು ಅಂತ ಸುಮ್ನೆ ಹೇಳುತ್ತಿಲ್ಲ. ಮೂರನೇ ಹಂತ ನೋಡಿ. ಯಂತ್ರ ಆರಿಸುವಾಗ ಎಲ್ಲ ಸೇವೆಗೂ ಒಂದೇ ಸಲ ನಿಲ್ಲು ಅಂತ ಹೇಳುತ್ತೇವೆ. ಆ್ಯಪ್ ಮೊದಲು ನಿಲ್ಲಬೇಕು, ಆಮೇಲೆ ಡೇಟಾಬೇಸ್, ಆಮೇಲೆ ನೆಟ್‌ವರ್ಕ್ ಅಂತ ರನಿಟ್‌ಗೆ ತಿಳಿಯುವ ದಾರಿಯೇ ಇಲ್ಲ. ಯಾಕೆಂದರೆ ಆ ಸಂಬಂಧ ಬರೆದಿರುವುದು ಶೆಲ್‌ನಲ್ಲಿ, ಶೆಲ್ ಸಾಲನ್ನು ಹಿಂದುಮುಂದು ಮಾಡಿ ಓದಲು ಆಗುವುದಿಲ್ಲ. ಸೇವೆಯ ಡೈರೆಕ್ಟರಿಯಲ್ಲಿ ‘ಬೇಕು’ ಅನ್ನುವ ಒಂದು ಉಪಡೈರೆಕ್ಟರಿ, ಅದರೊಳಗೆ ಸೇವೆಗಳ ಹೆಸರಿನ ಖಾಲಿ ಫೈಲ್‌ಗಳು. ಇಷ್ಟು ಬಂದರೆ ಏಳುವ ಕ್ರಮವೂ ಸಿಗುತ್ತದೆ, ನಿಲ್ಲುವ ಕ್ರಮವೂ ಸಿಗುತ್ತದೆ.

ಕರಿಪರದೆ:

ನಿಲ್ಲಿಸುವ ಕ್ರಮದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಖಾಲಿ ಫೈಲ್‌ಗಳ ಉಪಡೈರೆಕ್ಟರಿ ನನಗೂ ಇಷ್ಟ, ರನಿಟ್‌ನ ನಡೆಗೆ ಹೊಂದುತ್ತದೆ. ಪಾರ್ಸರ್ ಬೇಡ, ಹೊಸ ಕಾನ್ಫಿಗ್ ಭಾಷೆ ಬೇಡ.

ಆದರೂ ‘ಸಿದ್ಧ’ ಸೂಚನೆ ಮೊದಲು ಬರಲಿ ಅಂತಲೇ ಹೇಳುತ್ತೇನೆ. ಸಿದ್ಧ ಅನ್ನುವುದೇ ಗೊತ್ತಿಲ್ಲದ ವ್ಯವಸ್ಥೆಗೆ ಕ್ರಮ ಕೊಟ್ಟರೆ ಸಿಗುವುದು ಫೋರ್ಕ್ ಆದ, ಅಂದರೆ ಪ್ರಾಸೆಸ್ ಹುಟ್ಟಿದ, ಕ್ರಮ ಮಾತ್ರ. ಎ ಹುಟ್ಟಿದ ಕೆಲವೇ ಮಿಲಿಸೆಕೆಂಡ್‌ಗೆ ಬಿ ಹುಟ್ಟುತ್ತದೆ. ಫೈಲ್ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಯಂತ್ರ ನಿಧಾನ ಇದ್ದ ದಿನ ಒಡೆಯುತ್ತದೆ. ಸಿಸ್ಟಂಡಿಯಲ್ಲೂ ಹೀಗೇ ಆಗುತ್ತದೆ. ಟೈಪ್ ಸಿಂಪಲ್ ಇರುವ ಸೇವೆಯನ್ನು ಫೋರ್ಕ್ ಆದ ತಕ್ಷಣವೇ ಶುರುವಾಗಿದೆ ಅಂತ ಅದು ಲೆಕ್ಕ ಹಾಕುತ್ತದೆ. ಬೇರೆ ಸೇವೆಯಲ್ಲಿ ‘ಇದರ ನಂತರ’ (ಆಫ್ಟರ್) ಅಂತ ಎಷ್ಟು ಬರೆದರೂ ಇದು ಸಿದ್ಧವಾಗುವ ತನಕ ಕಾಯುವುದಿಲ್ಲ. ಅಲ್ಲಿ ಕ್ರಮಕ್ಕೆ ಬೆಲೆ ಬರುವುದು ಸೇವೆಯೇ ಸಿದ್ಧ ಅಂತ ಹೇಳುವ ಟೈಪ್ ನೋಟಿಫೈ ಥರದ್ದು ಇದ್ದಾಗ, ಅಥವಾ ಸಾಕೆಟ್ ಅನ್ನು ಮೊದಲೇ ತೆರೆದಿಟ್ಟಾಗ.

ನಿಲ್ಲಿಸುವ ವಿಷಯಕ್ಕೆ ಇನ್ನೊಂದು ಮಾತು. ಕ್ರಮ ಸರಿ ಮಾಡಿದರೂ ಡೇಟಾಬೇಸ್ ಸರಿಯಾಗಿ ನಿಲ್ಲುತ್ತದೆ ಅನ್ನುವ ಖಾತ್ರಿ ಇಲ್ಲ, ಇದನ್ನು ಈಗಲೇ ಎಲ್ಲರೂ ತಿದ್ದಿಕೊಳ್ಳಬಹುದು. ರನ್‌ಎಸ್‌ವಿ ಕಳಿಸುವುದು ಟರ್ಮ್ ಸಿಗ್ನಲ್. ಪೋಸ್ಟ್‌ಗ್ರೆಸ್‌ಗೆ ಟರ್ಮ್ ಅಂದರೆ ಸ್ಮಾರ್ಟ್ ಶಟ್‌ಡೌನ್: ಹೊಸ ಕನೆಕ್ಷನ್ ಬೇಡ, ಇರುವವರು ಹೋಗುವ ತನಕ ಕಾಯುತ್ತೇನೆ. ಯಾರಾದರೂ ಕನೆಕ್ಷನ್ ಹಿಡಿದು ಕೂತಿದ್ದರೆ ಅದು ಕಾಯುತ್ತಲೇ ಇರುತ್ತದೆ. ಎಸ್‌ವಿಯ ಫೋರ್ಸ್‌ಸ್ಟಾಪ್ ಆದೇಶ ತನ್ನ ಸಮಯ ಮುಗಿದ ಕೂಡಲೇ ಕಿಲ್ ಕಳಿಸುತ್ತದೆ. ಮುಂದಿನ ಸಲ ಏಳುವಾಗ ಮತ್ತೆ ರಿಕವರಿ. ನೀವು ಸರಿಯಾಗಿಯೇ ಆರಿಸಿದ ಯಂತ್ರದಲ್ಲಿ, ಕರೆಂಟ್ ಹೋದಾಗ ಆಗುವುದೇ ಆಯಿತು! ಅದಕ್ಕೆ ಬೇಕಿರುವುದು ಇಂಟ್ ಸಿಗ್ನಲ್, ಅಂದರೆ ಫಾಸ್ಟ್ ಶಟ್‌ಡೌನ್. ಸೇವೆಯ ಕಂಟ್ರೋಲ್ ಡೈರೆಕ್ಟರಿಯಲ್ಲಿ ಟಿ ಅನ್ನುವ ಸ್ಕ್ರಿಪ್ಟ್ ಇಟ್ಟು, ಸೂಪರ್‌ವೈಸ್‌ನ ಪಿಐಡಿ ಓದಿ ಇಂಟ್ ಕಳಿಸಿ, ಸೊನ್ನೆಯಿಂದ ಹೊರಗೆ ಬನ್ನಿ. ಸೊನ್ನೆ ಬಂದರೆ ರನ್‌ಎಸ್‌ವಿ ತನ್ನ ಟರ್ಮ್ ಅನ್ನು ಕಳಿಸುವುದಿಲ್ಲ. ಈ ಸೌಲಭ್ಯ ಈಗಾಗಲೇ ಇದೆ, ಬಳಸುವವರು ಕಡಿಮೆ.

ಬೇರುಹುಡುಕಿ:

‘ಸಿದ್ಧ’ ಸೂಚನೆಗೆ ನನ್ನ ಬೆಂಬಲ ಇದೆ. ಆದರೆ ಡೇಮನ್‌ಗಳು ಯಾವುದೋ ಲೈಬ್ರರಿಯನ್ನು ಲಿಂಕ್ ಮಾಡಬೇಕು ಅನ್ನುವ ಸ್ಥಿತಿ ಯಾವತ್ತೂ ಬರಬಾರದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಕಂಪ್ರೆಷನ್ ಟೂಲ್ ಆದ ಎಕ್ಸ್‌ಝಡ್ 5.6.0 ಮತ್ತು 5.6.1ರ ಹಿಂಬಾಗಿಲನ್ನು ಬಯಲಿಗೆ ತಂದದ್ದು ಎಲ್ಲರಿಗೂ ನೆನಪಿದೆ. ಅದರ ಗುರಿಯಾಗಿದ್ದ, ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನೇರ ಸಂಬಂಧವೇ ಇಲ್ಲ. ಕೆಲವು ಡಿಸ್ಟ್ರೋಗಳು ‘ನಾನು ಸಿದ್ಧ’ ಅಂತ ಹೇಳಿಸಲು ಓಪನ್‌ಎಸ್‌ಎಸ್‌ಎಚ್‌ನ ಡೇಮನ್ ಎಸ್‌ಎಸ್‌ಎಚ್‌ಡಿಗೆ ಸಿಸ್ಟಂಡಿಯ ಲೈಬ್ರರಿ ಲಿಬ್‌ಸಿಸ್ಟಂಡಿ ಜೋಡಿಸಿದ್ದವು. ಅದರ ಬಾಲ ಹಿಡಿದು ಎಕ್ಸ್‌ಝಡ್‌ನ ಲೈಬ್ರರಿ ಲಿಬ್‌ಎಲ್‌ಝಡ್‌ಎಂಎ ಒಳಗೆ ಬಂತು. ಒಂದು ಸಾಲಿನ ಸಂದೇಶಕ್ಕಾಗಿ ಕಂಪ್ರೆಷನ್ ಕೋಡ್ ಎಲ್ಲ ರೂಟ್ ಆಗಿ ಓಡುವ ಪ್ರೋಗ್ರಾಂ ಒಳಗೆ ಕೂತಿತು.

ಆಮೇಲೆ ಅದೇ ವರ್ಷ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಸೂಚನೆಯನ್ನು ತಾವೇ ಬರೆದರು, ಲೈಬ್ರರಿ ಇಲ್ಲದೆ. ಸಿಸ್ಟಂಡಿ ಕಡೆಯವರೂ ಕಂಪ್ರೆಷನ್ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ತೆರೆಯುವ ಹಾಗೆ ಮಾಡಿದರು. ಅವರ ಪ್ರೋಟೋಕಾಲ್ ಏನೂ ದೊಡ್ಡದಲ್ಲ. ನೋಟಿಫೈ_ಸಾಕೆಟ್ ಅನ್ನುವ ವೇರಿಯೇಬಲ್ ಓದಿ, ಆ ಯುನಿಕ್ಸ್ ಸಾಕೆಟ್‌ಗೆ ‘ರೆಡಿ=1’ ಅಂತ ಕಳಿಸುವುದು, ಅಷ್ಟೇ. ತೊಂದರೆ ಬಂದದ್ದು ಅದನ್ನು ದೊಡ್ಡ ಲೈಬ್ರರಿಯ ಒಳಗೆ ಇಟ್ಟು ಹಂಚಿದ್ದರಿಂದ.

ಪೈಪ್‌ಗೆ ಒಂದು ಹೊಸಸಾಲು ಅಂದರೆ ಲೈಬ್ರರಿಯ ಪ್ರಶ್ನೆಯೇ ಇಲ್ಲ. ಶೆಲ್ ಸ್ಕ್ರಿಪ್ಟ್ ಕೂಡ ಎಕೋ ಮಾಡಿ ಹೇಳಬಹುದು. ಅದಕ್ಕೇ ಇದು ನನಗೆ ಹಿಡಿಸಿದ್ದು.

ಪೋರ್ಟ್_22:

ಸರಿ, ಚೆಕ್ ಬಗ್ಗೆ ನನ್ನ ವಾದ ಕೈಬಿಡುತ್ತೇನೆ. ಆದರೆ ಇನ್ನೊಂದು ಪ್ರಶ್ನೆ. ನೀವು ಹೇಳುತ್ತಿರುವುದು ರನಿಟ್ ಥರದ್ದೇ ಆದ ಎಸ್6ನಲ್ಲಿ ಆಗಲೇ ಇದೆ. ಲೊರಾಂ ಬರ್ಕೊ ಅದನ್ನು ಎಷ್ಟೋ ವರ್ಷದ ಹಿಂದೆಯೇ ಮಾಡಿದ್ದಾರೆ, ಅದೇ ಪೈಪ್, ಅದೇ ಹೊಸಸಾಲು. ಇಂಥದ್ದೇ ಇನ್ನೊಂದು ವ್ಯವಸ್ಥೆ ಡಿನಿಟ್‌ನಲ್ಲೂ ಇದೆ, ಜೊತೆಗೆ ಡಿಪೆಂಡೆನ್ಸಿಯೂ ಇದೆ, ಕೈಮೆರಾ ಲಿನಕ್ಸ್ ಅದರ ಮೇಲೆಯೇ ನಿಂತಿದೆ. ರನಿಟ್‌ನಲ್ಲಿ 2014ರ 2.1.2 ಆದ ಮೇಲೆ ತುಂಬಾ ವರ್ಷ ಹೊಸ ಬಿಡುಗಡೆಯೇ ಇರಲಿಲ್ಲ. ಅಲ್ಲಿಗೇ ಹೋಗಿಬಿಡುವುದು ಸುಲಭ ಅಲ್ವಾ?

ಕರಿಪರದೆ:

ಹೋಗುವವರು ಖುಷಿಯಿಂದ ಹೋಗಲಿ, ಎರಡೂ ಒಳ್ಳೆಯ ವ್ಯವಸ್ಥೆಗಳು. ಹೊಸದಾಗಿ ಡಿಸ್ಟ್ರೋ ಕಟ್ಟುವವರಿಗೆ ನಾನೇ ಡಿನಿಟ್ ನೋಡಿ ಅನ್ನುತ್ತೇನೆ. ಆದರೆ ಈಗಾಗಲೇ ಓಡುತ್ತಿರುವ ಯಂತ್ರಗಳ ಮಾತು ಬೇರೆ. ಒಂದು ಡಿಸ್ಟ್ರೋದಲ್ಲಿ ಸೇವೆ ಇರುವ ಪ್ರತಿ ಪ್ಯಾಕೇಜ್‌ನಲ್ಲೂ ರನ್ ಸ್ಕ್ರಿಪ್ಟ್ ಇದೆ. ಅದನ್ನು ಓದಿ ಬಲ್ಲ ಜನ ಇದ್ದಾರೆ. ಎಸ್6 ಮೇಲೆ ಡಿಪೆಂಡೆನ್ಸಿ ನೋಡಿಕೊಳ್ಳುವ ಎಸ್6-ಆರ್‌ಸಿಯಲ್ಲಿ ಸೇವೆಗಳ ಪಟ್ಟಿಯನ್ನು ಮೊದಲೇ ಕಂಪೈಲ್ ಮಾಡಬೇಕು. ಅದರಲ್ಲಿ ಲಾಭವಿದೆ, ತಪ್ಪುಗಳು ಬೂಟ್‌ಗೆ ಮೊದಲೇ ಸಿಗುತ್ತವೆ. ಆದರೆ ಡೈರೆಕ್ಟರಿಯಲ್ಲಿ ಲಿಂಕ್ ಹಾಕಿದ ಕೂಡಲೇ ಸೇವೆ ಓಡುವ ಸರಳತೆಗೆ ರನಿಟ್ ಆರಿಸಿಕೊಂಡವರಿಗೆ ಅದು ದೊಡ್ಡ ಬದಲಾವಣೆ.

ಮುಖ್ಯವಾದ ಮಾತು ಇನ್ನೊಂದಿದೆ. ಎಸ್6 ಮತ್ತು ಡಿನಿಟ್ ಎರಡಕ್ಕೂ ಅರ್ಥವಾಗುವುದು ಅದೇ ಹೊಸಸಾಲು. ನಾವೂ ಅದನ್ನೇ ತೆಗೆದುಕೊಂಡರೆ ಡೇಮನ್‌ಗಳಲ್ಲಿ ಮಾಡಿದ ಕೆಲಸ ಎಲ್ಲ ಕಡೆಗೂ ಸಲ್ಲುತ್ತದೆ. ನಾಳೆ ನೀವು ಡಿನಿಟ್‌ಗೆ ಹೋದರೂ ಇವತ್ತು ಕಳಿಸಿದ ಪ್ಯಾಚ್ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ನಮ್ಮದೇ ಹೊಸ ಪ್ರೋಟೋಕಾಲ್ ಮಾಡಲು ಹೊರಟರೆ ಮಾತ್ರ ನನ್ನ ವಿರೋಧ.

ಎಷ್ಟೋ ಡೇಮನ್‌ಗಳಿಗೆ ಪ್ಯಾಚ್ ಕೂಡ ಬೇಡ. ಡಿಬಸ್ ಡೇಮನ್‌ಗೆ ಪ್ರಿಂಟ್-ಅಡ್ರೆಸ್ ಅಂತ ಆಯ್ಕೆ ಇದೆ. ಡಿಸ್ಕ್ರಿಪ್ಟರ್ ಸಂಖ್ಯೆ ಕೊಟ್ಟರೆ ಅಲ್ಲಿ ವಿಳಾಸ ಬರೆದು ಹೊಸಸಾಲು ಹಾಕುತ್ತದೆ, ನಮಗೆ ಬೇಕಿರುವುದು ಆ ಹೊಸಸಾಲೇ. ಪರದೆಯ ಕಿಟಕಿಗಳನ್ನು ತೋರಿಸುವ ಎಕ್ಸ್ ಸರ್ವರ್‌ನ ಡಿಸ್‌ಪ್ಲೇಎಫ್‌ಡಿ ಕೂಡ ಹೀಗೇ. ಪರದೆ, ಕೀಲಿಮಣೆ ಬಳಸಲು ಅನುಮತಿ ಕೊಡುವ ಸೀಟ್‌ಡಿಗೆ ಇದಕ್ಕೆಂದೇ ಎನ್ ಅನ್ನುವ ಆಯ್ಕೆ ಇದೆ. ಪೋಸ್ಟ್‌ಗ್ರೆಸ್ 9.6ರಿಂದ ಸಿಸ್ಟಂಡಿಯ ಸೂಚನೆ ಕೊಡಬಲ್ಲದು, ಆ ಬೆಂಬಲದ ಜೊತೆ ಕಂಪೈಲ್ ಆಗಿರಬೇಕು. ಅಂಥವಕ್ಕೆ ಒಂದು ಚಿಕ್ಕ ಹೊದಿಕೆ ಪ್ರೋಗ್ರಾಂ ಸಾಕು, ಸಾಕೆಟ್‌ನಲ್ಲಿ ‘ರೆಡಿ=1’ ಕೇಳಿಸಿಕೊಂಡು ಪೈಪ್‌ಗೆ ಹೊಸಸಾಲು ಬರೆಯುವುದು. ಎಸ್6 ಬಳಗದಲ್ಲಿ ಅದೂ ಇದೆ. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಥರ ಏನೂ ಹೇಳದವಕ್ಕೆ ಚೆಕ್ ಸ್ಕ್ರಿಪ್ಟ್ ಅನ್ನು ಒಂದೇ ಕಡೆ ಓಡಿಸಿ ಹೊಸಸಾಲಾಗಿ ಬದಲಾಯಿಸಬಹುದು. ಹೀಗೆ ಪೋರ್ಟ್_22 ಅವರ ಚೆಕ್ ಫೈಲ್‌ಗಳೂ ವ್ಯರ್ಥವಾಗುವುದಿಲ್ಲ.

ಬೂಟ್‌ಗೆಳೆಯ:

ಸಿಗ್ರೂಪ್ ಬಗ್ಗೆ ಯಾರೂ ಮಾತಾಡಲಿಲ್ಲ. ರನ್‌ಎಸ್‌ವಿಗೆ ತನ್ನ ನೇರ ಮಗು ಮಾತ್ರ ಗೊತ್ತು. ಆ ಮಗು ನಾಲ್ಕು ಮಕ್ಕಳನ್ನು ಹೆತ್ತು ಸತ್ತರೆ ಆ ನಾಲ್ಕು ಅನಾಥವಾಗಿ ಪೋರ್ಟ್ ಹಿಡಿದುಕೊಂಡು ಕೂರುತ್ತವೆ. ಹೊಸದಾಗಿ ಎದ್ದ ಸೇವೆಗೆ ‘ವಿಳಾಸ ಬಳಕೆಯಲ್ಲಿದೆ’ ಅಂತ ತಪ್ಪು ಬರುತ್ತದೆ. ನಾನು ಇದನ್ನು ಈಗಿನ ರನಿಟ್‌ನಲ್ಲೇ, ಒಂದು ಸಾಲು ಸಿ ಕೋಡ್ ಬದಲಿಸದೆ ಮಾಡಿಕೊಂಡಿದ್ದೇನೆ. ರನ್ ಸ್ಕ್ರಿಪ್ಟ್ ಶುರುವಿನಲ್ಲಿ ಸೇವೆಯ ಹೆಸರಿನ ಸಿಗ್ರೂಪ್ ಡೈರೆಕ್ಟರಿ ಮಾಡಿ, ತನ್ನದೇ ಪಿಐಡಿಯನ್ನು ಸಿಗ್ರೂಪ್.ಪ್ರಾಕ್ಸ್‌ಗೆ ಬರೆದು, ಆಮೇಲೆ ಎಕ್ಸೆಕ್, ಅಂದರೆ ಅದೇ ಪ್ರಾಸೆಸ್ ಸೇವೆಯಾಗಿ ಬದಲಾಗುವುದು. ಸೇವೆ ನಿಂತ ಮೇಲೆ ಓಡುವ ಫಿನಿಶ್ ಸ್ಕ್ರಿಪ್ಟ್‌ನಲ್ಲಿ ಸಿಗ್ರೂಪ್.ಕಿಲ್‌ಗೆ 1 ಬರೆಯುವುದು. ಆ ಫೈಲ್ ಲಿನಕ್ಸ್ 5.14ರಿಂದ ಇದೆ, ಗುಂಪಿನಲ್ಲಿರುವ ಎಲ್ಲವನ್ನೂ ಕರ್ನೆಲ್ ಒಂದೇ ಏಟಿಗೆ ಮುಗಿಸುತ್ತದೆ. ಫಿನಿಶ್ ಅನ್ನು ರನ್‌ಎಸ್‌ವಿ ಬೇರೆಯಾಗಿ ಫೋರ್ಕ್ ಮಾಡುವುದರಿಂದ ಅದು ಆ ಗುಂಪಿನಲ್ಲಿ ಇರುವುದಿಲ್ಲ, ತನ್ನನ್ನು ತಾನೇ ಕೊಂದುಕೊಳ್ಳುವ ಭಯ ಇಲ್ಲ.

ಹಳೇಕೀಲಿಮಣೆ:

ಇದು ಚೆನ್ನಾಗಿದೆ. ಇದು ಸ್ಕ್ರಿಪ್ಟ್‌ನಲ್ಲೇ ಇರಲಿ, ರನ್‌ಎಸ್‌ವಿ ಒಳಗೆ ಬೇಡ. ರನಿಟ್ ಬಿಎಸ್‌ಡಿಗಳಲ್ಲೂ ಓಡುತ್ತದೆ, ಅಲ್ಲಿ ಸಿಗ್ರೂಪ್ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ಪ್ರಾಕ್‌ಸಿಟಿಎಲ್ ಸಿಸ್ಟಂ ಕಾಲ್‌ನ ರೀಪರ್ ಇದೆ. ವಾಯ್ಡ್‌ನಲ್ಲಿ ಪ್ರತಿ ಸ್ಕ್ರಿಪ್ಟ್‌ಗೂ ಈ ಸಾಲುಗಳನ್ನು ಅಂಟಿಸುವ ಬದಲು ಒಂದು ಸಣ್ಣ ಸಹಾಯಕ ಪ್ರೋಗ್ರಾಂ ಬರೆದರೆ ಎಲ್ಲರೂ ಬಳಸಬಹುದು.

ಮೇಜುಗಣಕ:

ನಾನು ಸರ್ವರ್ ನೋಡುವವಳಲ್ಲ, ಲ್ಯಾಪ್‌ಟಾಪ್‌ನಲ್ಲಿ ವಾಯ್ಡ್ ಬಳಸುತ್ತೇನೆ. ನನಗೆ ದಿನವೂ ಕಾಡುವುದು ಯೂಸರ್ ಸೇವೆಗಳು, ಅಂದರೆ ರೂಟ್ ಆಗಿ ಅಲ್ಲದೆ ನನ್ನ ಹೆಸರಲ್ಲಿ ಓಡುವವು. ಶಬ್ದ ನೋಡಿಕೊಳ್ಳುವ ಪೈಪ್‌ವೈರ್, ವೈರ್‌ಪ್ಲಂಬರ್ ಎಲ್ಲವನ್ನೂ ಡೆಸ್ಕ್‌ಟಾಪ್‌ನ ಆಟೋಸ್ಟಾರ್ಟ್‌ನಲ್ಲಿ ಹಾಕಬೇಕು. ಸತ್ತರೆ ಎಬ್ಬಿಸುವವರಿಲ್ಲ. ಯೂಸರ್‌ಗೆ ಅಂತಲೇ ಒಂದು ರನ್‌ಎಸ್‌ವಿಡಿರ್ ಓಡಿಸುವ ದಾರಿ ವಾಯ್ಡ್ ಕೈಪಿಡಿಯಲ್ಲಿದೆ, ಆದರೆ ಅದು ಬೂಟ್ ಆದಾಗಲೇ ಶುರುವಾಗುತ್ತದೆ, ಲಾಗಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ಸೆಷನ್‌ನ ಎನ್ವಿರಾನ್ಮೆಂಟ್ ಅದಕ್ಕೆ ಸಿಗುವುದಿಲ್ಲ.

ಕರಿಪರದೆ:

ಟರ್ನ್‌ಸ್ಟೈಲ್ ಪ್ರಯತ್ನಿಸಿ. ಕೈಮೆರಾದವರು ಬರೆದದ್ದು, ವಾಯ್ಡ್‌ನಲ್ಲೂ ಇದೆ. ಲಾಗಿನ್ ಆದಾಗ ಯೂಸರ್‌ನ ಮೇಲ್ವಿಚಾರಕನನ್ನು ಶುರು ಮಾಡುತ್ತದೆ, ರನಿಟ್ ಮತ್ತು ಡಿನಿಟ್ ಎರಡರ ಜೊತೆಗೂ ಹೊಂದುತ್ತದೆ. ಹಾಗಾಗಿ ಇದನ್ನು ರನಿಟ್ ಒಳಗೆ ತರುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಉದಾಹರಣೆಯಲ್ಲೂ ‘ಸಿದ್ಧ’ ಸೂಚನೆಯ ಉಪಯೋಗ ಇದೆ ನೋಡಿ. ವೈರ್‌ಪ್ಲಂಬರ್ ಏಳಬೇಕಾದ್ದು ಪೈಪ್‌ವೈರ್‌ನ ಸಾಕೆಟ್ ಬಂದ ಮೇಲೆ.

ಇಲ್ಲಿಯ ತನಕ ಒಪ್ಪಿದ ಹಾಗೆ ಕಾಣುವುದು: ರನ್‌ಎಸ್‌ವಿಯಲ್ಲಿ ಪೈಪ್ ಮತ್ತು ಹೊಸಸಾಲು, ಎಸ್‌ವಿಯಲ್ಲಿ ಅದಕ್ಕೆ ಕಾಯುವ ಒಂದು ಹೊಸ ಆದೇಶ. ಇದು ಮೊದಲ ಪ್ಯಾಚ್. ‘ಬೇಕು’ ಉಪಡೈರೆಕ್ಟರಿ ಮತ್ತು ಅದನ್ನು ಓದಿ ಕ್ರಮವಾಗಿ ನಿಲ್ಲಿಸುವ ಮೂರನೇ ಹಂತ ಅದರ ನಂತರ. ಪಿಐಡಿ 1 ಕೋಡ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಸಂಖ್ಯೆಯ ಫೈಲ್ ಇಲ್ಲದ ಸೇವೆ ಇವತ್ತಿನ ಹಾಗೆಯೇ ಓಡುತ್ತದೆ.

ಬೂಟ್‌ಗೆಳೆಯ:

ಸೇವೆ ಹೊಸಸಾಲು ಬರೆಯದೆ ಪೈಪ್ ಮುಚ್ಚಿದರೆ? ಅಥವಾ ಬರೆಯದೆ ಸುಮ್ಮನೆ ಕೂತರೆ?

ಕರಿಪರದೆ:

ಮುಚ್ಚಿದರೆ ಅದು ಸಿದ್ಧವಲ್ಲ, ಆದರೆ ಸತ್ತೂ ಇಲ್ಲ. ರನ್‌ಎಸ್‌ವಿ ಅದನ್ನು ಕೊಲ್ಲಬಾರದು. ಕಾಯುವವರಿಗೆ ತಮ್ಮದೇ ಸಮಯದ ಮಿತಿ ಇರಲಿ. ಎಷ್ಟು ಹೊತ್ತು ಅಂತ ತೀರ್ಮಾನಿಸುವ ಕೆಲಸ ಮೇಲ್ವಿಚಾರಕನಿಗೆ ಕೊಟ್ಟರೆ ದೊಡ್ಡ ಡೇಟಾಬೇಸ್ ರಿಕವರಿಯ ಮಧ್ಯೆ ಅದನ್ನು ಕೊಂದು ಮತ್ತೆ ಮೊದಲಿಂದ ಶುರು ಮಾಡಿಸುವ ಅಪಾಯ ಇದೆ.

ಪೋರ್ಟ್_22:

ನಾನು ಡಿಬಸ್ ಮತ್ತು ಸೀಟ್‌ಡಿ ಸ್ಕ್ರಿಪ್ಟ್‌ಗಳನ್ನು ಬದಲಿಸಿ ಇಲ್ಲಿ ಹಾಕುತ್ತೇನೆ, ಗ್ಲಿಬ್‌ಸಿ ಮತ್ತು ಮಸ್ಲ್ ಅನ್ನುವ ಎರಡೂ ಸಿ ಲೈಬ್ರರಿಗಳ ವಾಯ್ಡ್‌ನಲ್ಲಿ ನೋಡಿ. ಒಂದು ಸಂದೇಹ. ರನ್ ಸ್ಕ್ರಿಪ್ಟ್‌ನಲ್ಲಿ ಯೂಸರ್ ಬದಲಿಸುವಾಗ 3ನೇ ಡಿಸ್ಕ್ರಿಪ್ಟರ್ ಉಳಿಯುತ್ತದೆಯಾ?

ಕರಿಪರದೆ:

ರನಿಟ್‌ನದೇ ಟೂಲ್ ಆದ ಸಿಎಚ್‌ಪಿಎಸ್‌ಟಿ ಬಳಸಿದರೆ ಉಳಿಯುತ್ತದೆ, ನೀವಾಗಿ ಹೇಳಿದರೆ ಮಾತ್ರ ಅದು 0, 1, 2ನ್ನು ಮುಚ್ಚುತ್ತದೆ. ಸುಡೊ ಬಳಸಿದರೆ ಉಳಿಯುವುದಿಲ್ಲ, 3ರಿಂದ ಮೇಲಿನದೆಲ್ಲ ಮುಚ್ಚಿಬಿಡುತ್ತದೆ. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಸುಡೊ ಇಟ್ಟುಕೊಂಡವರು ಮೊದಲು ಅದನ್ನು ತೆಗೆದು ಸಿಎಚ್‌ಪಿಎಸ್‌ಟಿ ಹಾಕಿ, ಆಮೇಲೆ ಸಂಖ್ಯೆಯ ಫೈಲ್ ಇಡಿ. ಡಿಬಸ್‌ನಿಂದಲೇ ಶುರು ಮಾಡಿ, ಅದಕ್ಕೆ ಕಾಯುವ ಸೇವೆಗಳೇ ಜಾಸ್ತಿ.